ಸಾಲು ಎಲ್ಲಿ ಮುಗಿಯುತ್ತದೆ?



ಕವಿತೆ ಬರೆಯುವುದು ಒಂದು ಕೆಲಸ. ಬರೆದುದನ್ನು ಕೆಡದಂತೆ ಇನ್ನೊಬ್ಬರ ಕೈಗೆ ದಾಟಿಸುವುದು ಮತ್ತೊಂದು ಕೆಲಸ. ಮೊದಲನೆಯದನ್ನು ಕುರಿತು ನಮ್ಮಲ್ಲಿ ಶತಮಾನಗಳಿಂದ ಚರ್ಚೆ ನಡೆದಿದೆ. ಲಕ್ಷಣಗ್ರಂಥಗಳಿವೆ, ವಿಮರ್ಶೆಯ ಪಂಥಗಳಿವೆ. ಎರಡನೆಯದನ್ನು ಕುರಿತು ಯಾರೂ ಹೆಚ್ಚು ಮಾತನಾಡುವುದಿಲ್ಲ. ಅದು ಅಚ್ಚುಕೂಟದವರ ಕೆಲಸವೆಂದು ಬಹಳ ಕಾಲ ನಂಬಿದ್ದೆವು. ಈಗ ಅಚ್ಚುಕೂಟದವರು ನಡುವೆ ಇಲ್ಲ. ಬರೆದವರೇ ಬೆರಳಚ್ಚು ಮಾಡಿ, ತಾವೇ ಸಾಲು ಹೊಂದಿಸಿ, ತಾವೇ ಅಂಗೈಯ ಪರದೆಯಿಂದ ಜಗತ್ತಿಗೆ ಕಳುಹಿಸುತ್ತಾರೆ.

ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಶಾಲೆಗಳಲ್ಲಿ ನನ್ನ ಮುಂದೆ ಕುಳಿತಿದ್ದ ಅನೇಕರು ಇಂದು ತಮ್ಮ ಕವಿತೆ, ಕಥೆ, ಪ್ರಬಂಧಗಳನ್ನು ‘ಸಾರ್, ಒಮ್ಮೆ ನೋಡಿ’ ಎಂದು ಕೊಟ್ಟೂರಿನಲ್ಲಿರುವ ನನಗೆ ಕಳುಹಿಸುತ್ತಿರುತ್ತೀರಿ. ಅದು ನನ್ನ ನಿವೃತ್ತ ಜೀವನದ ಬಹುದೊಡ್ಡ ಸಂತೋಷ. ಆದರೆ ಒಮ್ಮೊಮ್ಮೆ ಬಂದ ಬರಹದ ಗುಣದೋಷಗಳನ್ನು ನೋಡುವುದಕ್ಕೆ ಮುನ್ನವೇ ಅದರ ರೂಪ ಕಣ್ಣಿಗೆ ಚುಚ್ಚುತ್ತದೆ. ಅಲ್ಪವಿರಾಮವು ಒಂಟಿಯಾಗಿ ಮುಂದಿನ ಸಾಲಿನ ತಲೆಯಲ್ಲಿ ಕುಳಿತಿರುತ್ತದೆ. ಅರ್ಕಾವತ್ತು ಯಾವುದೋ ಪರರ ಅಕ್ಷರದ ಹೆಗಲೇರಿರುತ್ತದೆ. ಹದಿನಾಲ್ಕು ಸಾಲಿನ ಕವಿತೆ ಒಂದೇ ಕಂಡಿಕೆಯಾಗಿ ಮುದ್ದೆಗಟ್ಟಿರುತ್ತದೆ. ಇದು ನಿಮ್ಮ ಭಾಷಾಜ್ಞಾನದ ಕೊರತೆಯಲ್ಲ. ಬರಹದ ರೂಪವೂ ಬರಹದ ಒಂದು ಭಾಗ ಎಂಬುದನ್ನು ನಮಗೆ ಯಾರೂ ಕಲಿಸಿಲ್ಲ, ಅಷ್ಟೇ. ಆದುದರಿಂದ ಇಂದು ಈ ವಿಷಯವನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಒಂದು ಚಿಕ್ಕ ಪ್ರಯೋಗ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ಎರಡು ಸಾಲಾಗಿ ಬರೆಯಿರಿ.

ಕೈ ಕೆಸರಾದರೆ
ಬಾಯಿ ಮೊಸರು

ಸರಿಯಾಗಿದೆ. ಈಗ ಅದನ್ನೇ ಹೀಗೆ ಬರೆದು ನೋಡಿ.

ಕೈ
ಕೆಸರಾದರೆ ಬಾಯಿ
ಮೊಸರು

ಒಂದು ಅಕ್ಷರವನ್ನೂ ಬದಲಿಸಿಲ್ಲ. ಆದರೂ ಕೆಸರು ಕೈಯಿಂದ ಬಾಯಿಗೆ ಬಂತು! ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಬರೆದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಸಾಲು ಮುರಿಯುವ ಜಾಗವೂ ಅರ್ಥವನ್ನು ಹೊತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ.

ನಮ್ಮ ಹಿರಿಯರಿಗೆ ಈ ತೊಂದರೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ದೇವಾಲಯವನ್ನು ನೋಡಿದವರಿಗೆ ಅಲ್ಲಿನ ಶಾಸನಗಳು ನೆನಪಿರುತ್ತವೆ. ಶಾಸನದ ಕಲ್ಲಿನಲ್ಲಿ ಅಕ್ಷರದ ಪಕ್ಕ ಅಕ್ಷರ. ಪದ ಮುಗಿದ ಕಡೆ ಬಿಡುವಿಲ್ಲ, ವಾಕ್ಯ ಮುಗಿದ ಕಡೆ ಇಂದಿನಂತೆ ಚುಕ್ಕೆಯಿಲ್ಲ. ಕಲ್ಲಿನ ಅಂಚು ಬಂದಲ್ಲಿ ಸಾಲು ಮುಗಿಯುತ್ತದೆ, ಪದದ ನಡುವೆಯಾದರೂ ಸರಿಯೇ. ಓಲೆಗರಿಯ ಕಥೆಯೂ ಅದೇ. ಗರಿಯನ್ನು ಹದಗೊಳಿಸುವ ಶ್ರಮ ದೊಡ್ಡದು. ಆದ್ದರಿಂದ ಜಾಗವನ್ನು ಖಾಲಿ ಬಿಡುವ ಧಾರಾಳತನ ಲಿಪಿಕಾರನಿಗಿರಲಿಲ್ಲ. ಕಾವ್ಯವೂ ಗದ್ಯದಂತೆಯೇ ಒಂದೇ ಓಟದಲ್ಲಿ ಸಾಗುತ್ತಿತ್ತು.

ಹಾಗಿದ್ದರೆ ಓದುವವನಿಗೆ ಸಾಲು ತಿಳಿಯುತ್ತಿದ್ದುದು ಹೇಗೆ? ಛಂದಸ್ಸಿನಿಂದ. ಭಾಮಿನಿ ಷಟ್ಪದಿಯನ್ನು ನೆನಪಿಸಿಕೊಳ್ಳಿ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳ ಗಣಗಳು. ಒಟ್ಟು 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮುಂದುವರಿದು ಕೊನೆಗೊಂದು ಗುರು. ಒಟ್ಟು 23 ಮಾತ್ರೆ. ಆರು ಸಾಲು ಸೇರಿ 102 ಮಾತ್ರೆ. ಇದರ ಮೇಲೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳುವ ಆದಿಪ್ರಾಸ. ಇಷ್ಟು ಕಟ್ಟುಪಾಡಿರುವಾಗ ಸಾಲನ್ನು ಯಾರೂ ಕಣ್ಣಿಗೆ ತೋರಿಸಬೇಕಾಗಿಲ್ಲ, ಕಿವಿಯೇ ಹೇಳುತ್ತದೆ. ಗಮಕಿಗಳು ಕುಮಾರವ್ಯಾಸನನ್ನು ಓದುವಾಗ ತಾಳೆಗರಿಯ ಸಾಲನ್ನಲ್ಲ, ಈ ಒಳಗಿನ ಸಾಲನ್ನು ಓದುತ್ತಿದ್ದರು. ಆಗ ಪದ್ಯದ ರೂಪ ಪದ್ಯದ ಹೊಟ್ಟೆಯೊಳಗೇ ಇರುತ್ತಿತ್ತು.

ಹೆಸರಿನ ವಿಷಯದಲ್ಲಿಯೂ ನಮ್ಮ ಪೂರ್ವಿಕರ ಜಾಣತನ ಮೆಚ್ಚುವಂಥದು. ನಮ್ಮ ನಾಡಿನ ಹರಪನಹಳ್ಳಿ ಭೀಮವ್ವ ಹತ್ತೊಂಬತ್ತನೆಯ ಶತಮಾನದ ಹರಿದಾಸ ಪರಂಪರೆಯ ಮಹಿಳೆ. ‘ಭೀಮೇಶ ಕೃಷ್ಣ’ ಆಕೆಯ ಅಂಕಿತ. ಆ ಅಂಕಿತ ಹಾಡಿನ ಕೊನೆಯ ಚರಣದ ಒಳಗೇ ಇರುತ್ತದೆ. ವಚನಕಾರರದೂ ಇದೇ ಮಾರ್ಗ. ಹಾಡು ಯಾವ ಬಾಯಿಗೆ ಹೋದರೂ, ಯಾವ ಊರಿಗೆ ಹೋದರೂ ಕರ್ತೃವಿನ ಗುರುತು ಅದರ ಜೊತೆಗೇ ಹೋಗುತ್ತದೆ. ಇಂದಿನ ಪದ್ಧತಿ ಬೇರೆ. ನಾವು ಹೆಸರನ್ನು ಕವಿತೆಯ ಕೆಳಗೆ ಒಂದು ಪ್ರತ್ಯೇಕ ಸಾಲಿನಲ್ಲಿ ಬರೆಯುತ್ತೇವೆ. ಮೊದಲ ಬಾರಿ ನಕಲು ಮಾಡಿದವರ ಬೆರಳು ಅಲ್ಲಿಯವರೆಗೆ ತಲುಪದಿದ್ದರೆ ಕವಿ ಅನಾಮಧೇಯನಾಗುತ್ತಾನೆ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ಬೀchiಯವರ — ಅಲ್ಲ, ಅವರು ತಮ್ಮ ಹೆಸರನ್ನು ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದರಾದರೂ ನಾನು ‘ಬೀಚಿ’ ಎಂದೇ ಬರೆಯುವೆ — ಬೀಚಿಯವರ ನಗೆಮಾತುಗಳೆಂದು ನನಗೆ ಗುರುತು ಹತ್ತುವ ಮಾತುಗಳು ವಾಟ್ಸಾಪಿನಲ್ಲಿ ಯಾರ ಹೆಸರೂ ಇಲ್ಲದೆ ಬರುವುದನ್ನು ಕಂಡಾಗ ನನಗೆ ಭೀಮವ್ವನ ಅಂಕಿತ ನೆನಪಾಗುತ್ತದೆ.

ಅಚ್ಚು ಬಂದ ಮೇಲೆ ರೂಪ ಹೊರಕ್ಕೆ ಬಂತು. 1843ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ನಮ್ಮ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚಾಯಿತು ಎಂಬುದನ್ನು ನಮ್ಮ ಭಾಗದವರು ಹೆಮ್ಮೆಯಿಂದ ನೆನೆಯಬೇಕು. ಅಚ್ಚುಮೊಳೆಗಳ ಜೊತೆಗೆ ಪದಗಳ ನಡುವಿನ ಬಿಡುವು, ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆ, ಕಂಡಿಕೆ ಇವೆಲ್ಲ ನಮ್ಮ ಬರಹದಲ್ಲಿ ನೆಲೆಯೂರಿದವು. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದಾಗ ಓಲೆಗರಿಯ ನಿರಂತರ ಓಟದಲ್ಲಿದ್ದ ವಚನಗಳು ಪುಟದ ಮೇಲೆ ಬಂದವು. ಇಂದು ಪುಸ್ತಕಗಳಲ್ಲಿ ನಾವು ಕಾಣುವ ವಚನದ ಸಾಲುಗಳು ಬಹುಪಾಲು ಸಂಪಾದಕರು ಅರ್ಥವನ್ನೂ ಉಸಿರನ್ನೂ ನೋಡಿ ಮಾಡಿಕೊಟ್ಟ ವಿಭಾಗಗಳು. ಅಂದರೆ ಸಾಲು ಮುರಿಯುವುದು ಒಂದು ವ್ಯಾಖ್ಯಾನವೇ ಆಗಿದೆ.

ಮುಂದೆ ನವ್ಯಕಾವ್ಯ ಬಂದಾಗ ಪರಿಸ್ಥಿತಿ ಪೂರ್ತಿ ಬದಲಾಯಿತು. ಪ್ರಾಸವಿಲ್ಲ, ನಿಯತವಾದ ಮಾತ್ರೆಯಿಲ್ಲ. ಕವಿಯು ಪುಟದ ಮೇಲೆ ಸಾಲನ್ನು ಎಲ್ಲಿ ನಿಲ್ಲಿಸಿದನೋ ಅದೊಂದೇ ಆಧಾರ. ಷಟ್ಪದಿಯ ಸಾಲುಗಳು ಕಲಸಿಹೋದರೆ ಮಾತ್ರೆ ಎಣಿಸಿ ಮರಳಿ ಪಡೆಯಬಹುದು. ಮುಕ್ತಛಂದದ ಸಾಲುಗಳು ಕಲಸಿಹೋದರೆ ಹೋದಂತೆಯೇ. ಈ ವ್ಯತ್ಯಾಸ ಎಷ್ಟು ನಿಜವೆಂಬುದನ್ನು ಇತ್ತೀಚಿನ ವರ್ಷಗಳಲ್ಲಿ ನಾನು ಕಣ್ಣಾರೆ ಕಂಡೆ. ಅದನ್ನು ಹೇಳುವ ಮೊದಲು ಕಂಪ್ಯೂಟರಿನ ಅಕ್ಷರಗಳ ಬಗ್ಗೆ ನಾಲ್ಕು ಮಾತು ಅವಶ್ಯ.

ಕನ್ನಡವನ್ನು ಕಂಪ್ಯೂಟರಿಗೆ ತಂದವರಲ್ಲಿ ಕೆ. ಪಿ. ರಾವ್ ಅವರ ಹೆಸರು ಮೊದಲು ಬರಬೇಕು. ಇಂದು ನಾವು ಬಳಸುವ ಕೀಲಿಮಣೆಯ ವಿನ್ಯಾಸಕ್ಕೆ ಅವರದೇ ತಳಹದಿ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ನಮ್ಮ ತಾಲ್ಲೂಕು ಕೇಂದ್ರಗಳ ಪ್ರತಿಯೊಂದು ಡಿ.ಟಿ.ಪಿ. ಅಂಗಡಿಯಲ್ಲಿ ವಿವಾಹ ಪತ್ರಿಕೆಯಿಂದ ಹಿಡಿದು ಪ್ರಶ್ನೆಪತ್ರಿಕೆಯವರೆಗೆ ಎಲ್ಲವೂ ಇವುಗಳಲ್ಲಿಯೇ ಸಿದ್ಧವಾಗುತ್ತಿದ್ದವು. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಆ ಕಾಲದ ಅಕ್ಷರಗಳಿಗೆ ಒಂದು ಮಿತಿಯಿತ್ತು. ಕಂಪ್ಯೂಟರಿನ ಒಳಗೆ ಇದ್ದುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಹೊದಿಸಿದ್ದುದು ಕನ್ನಡದ ಚಿತ್ರ. ಹೊದಿಕೆಯಿಲ್ಲದ ಯಂತ್ರದಲ್ಲಿ ತೆರೆದರೆ ‘ಕ’ ಎಂಬ ಅಕ್ಷರದ ಜಾಗದಲ್ಲಿ ಇಂಗ್ಲಿಷಿನ ‘ಪಿ’ಯೂ ಅದರ ಪಕ್ಕದಲ್ಲಿ ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’ಯೂ ಕಾಣಿಸುತ್ತಿದ್ದವು.

ಯೂನಿಕೋಡ್ ಈ ಗೊಂದಲಕ್ಕೆ ಪರಿಹಾರ. ಅದರಲ್ಲಿ ಕನ್ನಡಕ್ಕೆಂದೇ 128 ಮನೆಗಳ ಒಂದು ಓಣಿಯಿದೆ. ‘ಕ’ ಎಲ್ಲಿ ಹೋದರೂ ‘ಕ’ವೇ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಲಿಪಿ ಜೊತೆಗೇ ಇತ್ತು. ಮುಂದೆ ‘ಕೇದಗೆ’, ‘ಮಲ್ಲಿಗೆ’ ಎಂಬ ಮುಕ್ತ ಲಿಪಿಗಳೂ ದೊರೆತವು. (ಹಡಗಲಿಯವರಿಗೆ ಎರಡನೆಯ ಹೆಸರು ಹೆಚ್ಚು ಪ್ರಿಯವಾಗಬೇಕು!) ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವುದನ್ನು ನಾನು ಹೀಗೆ ವಿವರಿಸುತ್ತೇನೆ: ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ಉಳಿದ ಐದು ತಾಲ್ಲೂಕುಗಳ ಜೊತೆಗೆ ವಿಜಯನಗರ ಜಿಲ್ಲೆಯದಾಯಿತು. ಊರು ಇದ್ದಲ್ಲೇ ಇದೆ. ವಿಳಾಸ ಮಾತ್ರ ಬದಲಾಗಿದೆ. ವಿಳಾಸ ಬದಲಿಸುವಾಗ ಎಚ್ಚರ ತಪ್ಪಿದರೆ ಕಾಗದ ಬೇರೆಯವರ ಮನೆಗೆ ಹೋಗುತ್ತದೆ.

ಹಾಗೆ ದಾರಿ ತಪ್ಪುವವರಲ್ಲಿ ಮೊದಲಿಗ ಅರ್ಕಾವತ್ತು. ‘ಧರ್ಮ’ ಎನ್ನುವಾಗ ಬಾಯಲ್ಲಿ ‘ರ್’ ಮೊದಲು, ‘ಮ’ ಆಮೇಲೆ. ಬರಹದಲ್ಲಿ ‘ಮ’ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ವಿಧಾನದ ಕಡತಗಳು ಕಣ್ಣಿನ ಕ್ರಮವನ್ನು ಇಟ್ಟುಕೊಂಡಿದ್ದರೆ ಯೂನಿಕೋಡ್ ಬಾಯಿಯ ಕ್ರಮವನ್ನು ಇಟ್ಟುಕೊಳ್ಳುತ್ತದೆ. ಬದಲಿಸುವ ತಂತ್ರಾಂಶ ಈ ಸೂಕ್ಷ್ಮವನ್ನು ಅರಿಯದಿದ್ದರೆ ಅರ್ಕಾವತ್ತು ನೆರೆಮನೆಗೆ ಹೋಗಿ ಕೂರುತ್ತದೆ.

ಈಗ ನಾನು ಕಂಡ ಸಂಗತಿ. ನನ್ನ ಸಹೋದ್ಯೋಗಿಯಾಗಿದ್ದ ಹಿರಿಯ ಕನ್ನಡ ಪಂಡಿತರೊಬ್ಬರು ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಯೊಂದು ಅವರ ಹುಟ್ಟೂರು. ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಿತು. ಅವರು ಆಗ ಹುಡುಗ. ಊರು ಬಿಟ್ಟು ಬಂದ ಮೇಲೆ ಅವರು ಬದುಕಿನುದ್ದಕ್ಕೂ ಆ ಊರನ್ನು ಕುರಿತು ಒಂದು ನೀಳ್ಗವನ ಬರೆಯುತ್ತಲೇ ಇದ್ದರು. ಭಾಮಿನಿ ಷಟ್ಪದಿಯಲ್ಲಿ ಎಪ್ಪತ್ತಕ್ಕೂ ಮೀರಿದ ಪದ್ಯಗಳು. ಯಾವ ಓಣಿಯಲ್ಲಿ ಯಾರ ಮನೆ, ಯಾವ ಬಾವಿಯ ನೀರು ಸಿಹಿ, ಹೊಳೆಗೆ ಇಳಿಯುವ ದಾರಿಯಲ್ಲಿ ಯಾವ ಮರ, ಜಾತ್ರೆಯಲ್ಲಿ ಯಾರು ಡೊಳ್ಳು ಹಿಡಿಯುತ್ತಿದ್ದರು... ಎಲ್ಲವೂ ಅದರಲ್ಲಿತ್ತು. ಆ ಊರಿನ ಓಣಿಗಳ ನಕ್ಷೆಯಾಗಲಿ, ಚಿತ್ರವಾಗಲಿ ಅವರ ಮನೆಯಲ್ಲಿ ಯಾರ ಬಳಿಯೂ ಇರಲಿಲ್ಲ. ಅವರ ಮಕ್ಕಳು ಮೊಮ್ಮಕ್ಕಳ ಪಾಲಿಗೆ ಆ ಹಳ್ಳಿ ಉಳಿದಿದ್ದರೆ ಆ ನೋಟುಪುಸ್ತಕದಲ್ಲಿ ಮಾತ್ರ.

ಮಿತವ್ಯಯಿಗಳಾದ ಅವರು ಕಾಗದ ಉಳಿಸುವುದಕ್ಕಾಗಿ ಓಲೆಗರಿಯ ಲಿಪಿಕಾರನಂತೆಯೇ ಬರೆದಿದ್ದರು. ಪದ್ಯದ ಸಂಖ್ಯೆಯ ಹೊರತು ಸಾಲಿನ ಗುರುತು ಇರಲಿಲ್ಲ. ಅವರು ಹೋದ ಮೇಲೆ ಮನೆಯವರು ಅದನ್ನು ಒಂದು ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದರು. ಅಲ್ಲಿಯ ಹುಡುಗ ಕಿರಿದಾದ ಅಂಕಣದಲ್ಲಿ ಹರಿಯಬಿಟ್ಟ. ಅಂಕಣ ತುಂಬಿದಲ್ಲಿ ಸಾಲು ತಾನಾಗಿ ಮುರಿಯಿತು. ಮುರಿಯದ ಕಡೆ ಖಾಲಿ ಕೀಲಿಯನ್ನು ಒತ್ತಿ ಒತ್ತಿ ಕೆಳಗೆ ತಳ್ಳಿದ. ಕಾಗದದ ಮೇಲೆ ನೋಡುವುದಕ್ಕೆ ಕವಿತೆಯಂತೆಯೇ ಕಂಡಿತು. ಆಮೇಲೆ ಅದನ್ನು ಯೂನಿಕೋಡಿಗೆ ಬದಲಿಸಿ ಬಂಧುಗಳ ಗುಂಪಿಗೆ ಕಳುಹಿಸಿದರು. ಅಂಕಣದ ಗೋಡೆ ಹೋದೊಡನೆ ಸಾಲುಗಳೆಲ್ಲ ಒಂದಾದವು; ಒತ್ತಿದ ಖಾಲಿ ಜಾಗಗಳು ನಡುನಡುವೆ ಗುಳಿಗಳಾಗಿ ಉಳಿದವು; ಅರ್ಕಾವತ್ತುಗಳು ಅಲೆದಾಡಿದವು. ದೂರದಲ್ಲಿರುವ ಬಂಧುಗಳು ‘ಅಜ್ಜ ದಿನಚರಿ ಬರೆದಿದ್ದರಾ?’ ಎಂದು ಕೇಳಿದರಂತೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮೊಮ್ಮಗಳು ರಜೆಗೆಂದು ಬಂದವಳು ಅದನ್ನು ಅಜ್ಜಿಗೆ ಓದಿ ಹೇಳಿದಳು. ಅಜ್ಜಿಗೆ ಓದುಬರಹ ಬಾರದು. ಎರಡು ಪದ್ಯ ಕೇಳುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದು, ‘ಇದು ನಿಮ್ಮಜ್ಜ ಹೇಳತಿದ್ದದ್ದು ಅಲ್ಲ ಬಿಡವ್ವಾ’ ಎಂದರು. ಆ ಮಾತಿನಿಂದಲೇ ಆ ಹುಡುಗಿ ನನ್ನಲ್ಲಿಗೆ ಬಂದಳು.

ನಾನು ನೋಟುಪುಸ್ತಕವನ್ನು ತರಿಸಿಕೊಂಡು, ಮರುದಿನ ಅವರ ಮನೆಗೇ ಹೋದೆ. ‘ಅಕ್ಕಾ, ಅವರು ಹೇಳುತ್ತಿದ್ದ ಹಾಗೆ ನೀವೇ ಹೇಳಿ’ ಎಂದೆ. ‘ಅಯ್ಯೋ, ನನಗೇನು ಬರತೈತ್ರಿ ಮೇಷ್ಟ್ರೇ’ ಎಂದು ನಕ್ಕವರು ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಅಂಗೈ ತಟ್ಟುತ್ತ ಆರಂಭಿಸಿದರು. ಐವತ್ತು ವರ್ಷ ಸಂಜೆಯ ಹೊತ್ತು ಅಡುಗೆಮನೆಯಿಂದ ಕೇಳಿಸಿಕೊಂಡ ಪದ್ಯಗಳು! ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಮೊಮ್ಮಗಳು ಪೆನ್ಸಿಲಿನಿಂದ ಗೆರೆ ಹಾಕುತ್ತ ಹೋದಳು. ನಾನು ಪಕ್ಕದಲ್ಲಿ ಮಾತ್ರೆ ಎಣಿಸಿದೆ. ಅಂಗೈ ತಟ್ಟಿದ ಕಡೆಯೂ ಹದಿನಾಲ್ಕನೆಯ ಮಾತ್ರೆಯೂ ಒಂದೇ ಜಾಗ. ಮರುಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಸಿದ್ಧವಾಗಿ ಕುಳಿತಿರುತ್ತಿತ್ತು. ಸುಮಾರು ಅರ್ಧದಷ್ಟು ಪದ್ಯಗಳು ಅಕ್ಕನ ಕಂಠದಿಂದ ಬಂದವು. ಉಳಿದರ್ಧಕ್ಕೆ ಪ್ರಸ್ತಾರ ಹಾಕುವುದನ್ನು ಮೊಮ್ಮಗಳಿಗೆ ಕಲಿಸಿದೆ. ಲಘು, ಗುರುಗಳ ಲೆಕ್ಕ ಆಕೆಗೆ ಒಂದೇ ಮಧ್ಯಾಹ್ನದಲ್ಲಿ ಹತ್ತಿತು. ‘ಸಾರ್, ಇದು ಚೆಕ್ ಮಾಡುವ ವಿಧಾನವನ್ನು ಕವಿತೆಯ ಒಳಗೇ ಇಟ್ಟ ಹಾಗಿದೆ’ ಎಂದಳು. ನಾನು ಇಷ್ಟು ವರ್ಷ ಪಾಠ ಮಾಡಿಯೂ ಛಂದಸ್ಸನ್ನು ಅಷ್ಟು ಸರಳವಾಗಿ ಹೇಳಿದ್ದು ನೆನಪಿಲ್ಲ.

ಆದರೆ ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ನಾಲ್ಕಾರು ಮುಕ್ತಛಂದದ ಕವಿತೆಗಳಿದ್ದವು. ಅಲ್ಲಿ ಅಕ್ಕನ ನೆನಪೂ ನೆರವಾಗಲಿಲ್ಲ, ಮಾತ್ರೆಯೂ ನೆರವಾಗಲಿಲ್ಲ. ಪಂಡಿತರಿಗೆ ಅದು ತಿಳಿದಿತ್ತೆಂದು ತೋರುತ್ತದೆ. ಆ ಕವಿತೆಗಳಲ್ಲಿ ಮಾತ್ರ ಸಾಲು ಮುಗಿದ ಕಡೆ ಸಣ್ಣ ಓರೆಗೆರೆ ಎಳೆದಿದ್ದರು. ಅಂಗಡಿಯ ಹುಡುಗ ಅವನ್ನು ಕೈತಪ್ಪಿ ಬಿದ್ದ ಗೀಟುಗಳೆಂದು ಬಿಟ್ಟುಬಿಟ್ಟಿದ್ದ. ಅವುಗಳಲ್ಲೊಂದು ಬಹಳ ಚಿಕ್ಕ ಕವಿತೆ. ನೀರು ಇಳಿದ ಬೇಸಿಗೆಯಲ್ಲಿ ಮುಳುಗಡೆಯ ಊರಿನ ಗುಡಿಯ ಕಲ್ಲು ಕಂಡುದನ್ನು ಕುರಿತದ್ದು. ಅದರ ನಡುವೆ ಆವರಣದಲ್ಲಿ ‘ಇಲ್ಲಿ ಒಂದು ಸಾಲು ಖಾಲಿ ಬಿಡುವುದು’ ಎಂದು ಬರೆದಿದ್ದರು. ಆ ಸೂಚನೆಯನ್ನೇ ಹುಡುಗ ಕವಿತೆಯ ಸಾಲಾಗಿ ಬೆರಳಚ್ಚು ಮಾಡಿದ್ದ. ಬಂಧುಗಳಲ್ಲಿ ಕೆಲವರು ಅದನ್ನೇ ‘ಎಂಥ ಆಳವಾದ ಮಾತು’ ಎಂದು ಮೆಚ್ಚಿಕೊಂಡಿದ್ದರು! ನಗು ಬಂತು. ಆದರೆ ಆ ಸೂಚನೆಯನ್ನು ತೆಗೆದು, ಅವರು ಕೇಳಿದಂತೆ ಒಂದು ಸಾಲು ಖಾಲಿ ಬಿಟ್ಟು ಓದಿದಾಗ ಯಾರಿಗೂ ನಗು ಬರಲಿಲ್ಲ. ಆ ಬಿಡುವಿನ ಜಾಗದಲ್ಲಿ ನೀರು ಮಾತ್ರ ಇತ್ತು. ಕವಿ ಬಯಸಿದ್ದು ಅದನ್ನೇ.

ಆ ನೀಳ್ಗವನ ಈಗ ಸರಿಯಾದ ಸಾಲುಗಳಲ್ಲಿ ಅವರ ಬಂಧುಗಳೆಲ್ಲರ ಬಳಿ ಇದೆ. ಈ ಕೆಲಸದಿಂದ ನಾನು ಕಂಡುಕೊಂಡ ಕೆಲವು ಸಂಗತಿಗಳನ್ನು ನಿಮ್ಮ ಉಪಯೋಗಕ್ಕೆಂದು ಕೆಳಗೆ ಬರೆಯುತ್ತಿದ್ದೇನೆ.

ಒಂದನೆಯದಾಗಿ, ಬೆರಳಚ್ಚು ಮಾಡುವ ಮುನ್ನ ಮೂಲಪ್ರತಿಯ ಪ್ರತಿ ಪುಟದ ಚಿತ್ರವನ್ನು ಸ್ಪಷ್ಟವಾಗಿ ತೆಗೆದಿಟ್ಟುಕೊಳ್ಳಿರಿ. ಗೀಟು, ಚುಕ್ಕೆ, ಅಂಚಿನ ಟಿಪ್ಪಣಿ ಯಾವುದೂ ವ್ಯರ್ಥವಲ್ಲ.

ಎರಡನೆಯದಾಗಿ, ಸಾಲು ಮುಗಿದ ಕಡೆ ಸಾಲು ಮುರಿಯುವ ಕೀಲಿಯನ್ನೇ ಒತ್ತಿರಿ. ಪರದೆಯ ಅಂಚಿನಲ್ಲಿ ತಾನಾಗಿ ಮುರಿದ ಸಾಲು ನಿಮ್ಮದಲ್ಲ, ಪರದೆಯದು. ಬೇರೆ ಪರದೆಯಲ್ಲಿ ಅದು ಬೇರೆ ಕಡೆ ಮುರಿಯುತ್ತದೆ. ಖಾಲಿ ಕೀಲಿಯನ್ನು ಹತ್ತು ಬಾರಿ ಒತ್ತಿ ಜಾಗ ಬಿಡುವ ಅಭ್ಯಾಸವನ್ನು ಬಿಟ್ಟುಬಿಡಿ. ಕೆಲವು ಕಡೆ ಆ ಖಾಲಿ ಜಾಗಗಳೆಲ್ಲ ಕುಗ್ಗಿ ಒಂದಾಗುತ್ತವೆ, ಕೆಲವು ಕಡೆ ಗುಳಿಗಳಾಗಿ ಉಳಿಯುತ್ತವೆ. ಪದ್ಯ ಮತ್ತು ಪದ್ಯದ ನಡುವೆ ಒಂದು ಪೂರ್ತಿ ಸಾಲು ಬಿಟ್ಟರೆ ಸಾಕು. ಷಟ್ಪದಿಯ ಮೂರು, ಆರನೆಯ ಸಾಲುಗಳಂಥ ಉದ್ದನೆಯವು ಫೋನಿನಲ್ಲಿ ಮುರಿಯುವುದು ಅನಿವಾರ್ಯ. ಆದ್ದರಿಂದ ಪ್ರತಿ ಪದ್ಯಕ್ಕೆ ಸಂಖ್ಯೆ ಕೊಡಿ.

ಮೂರನೆಯದಾಗಿ, ವಿರಾಮಚಿಹ್ನೆಯನ್ನು ಪದಕ್ಕೆ ಅಂಟಿಸಿ ಬರೆದು, ಆಮೇಲೆ ಜಾಗ ಬಿಡಿರಿ. ಮೊದಲು ಜಾಗ ಬಿಟ್ಟರೆ ಚಿಹ್ನೆ ಒಂಟಿಯಾಗಿ ಮುಂದಿನ ಸಾಲಿಗೆ ಜಾರುತ್ತದೆ. ಹಾಗೆಯೇ ಸಾಲಿನ ಕೊನೆಯಲ್ಲಿ ಪದವನ್ನು ಒಡೆದು ಅಡ್ಡಗೆರೆ ಹಾಕುವುದು ಅಚ್ಚುಮೊಳೆಯ ಕಾಲದ ಪದ್ಧತಿ. ‘ಹಗರಿಬೊಮ್ಮನಹಳ್ಳಿ’ ಎಷ್ಟೇ ಉದ್ದವಾದರೂ ಅದನ್ನು ಇಡಿಯಾಗಿಯೇ ಬಿಡಿ. ನೀವು ಹಾಕಿದ ಅಡ್ಡಗೆರೆ ನಾಳೆ ಸಾಲಿನ ನಡುವೆ ಬಂದು ನಿಲ್ಲುತ್ತದೆ.

ನಾಲ್ಕನೆಯದಾಗಿ, ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿಯನ್ನು ಬಳಸಬೇಡಿ. ಎರಡೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ‘ತುಂಗಭದ್ರಾ’ ಎಂಬ ಪದದಲ್ಲಿ ಅಂಕಿ ಸೇರಿಕೊಂಡರೆ ಮುಂದೊಮ್ಮೆ ಯಾರಾದರೂ ಹುಡುಕಿದಾಗ ಆ ಪದ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸಿದ ಕಡತವನ್ನು ಅರ್ಕಾವತ್ತಿಗೆಂದೇ ಒಮ್ಮೆ, ಒತ್ತಕ್ಷರಗಳಿಗೆಂದೇ ಇನ್ನೊಮ್ಮೆ ಓದಿರಿ.

ಐದನೆಯದಾಗಿ, ಆಡುಮಾತನ್ನು ಫೋನು ತಿದ್ದದಂತೆ ಕಾಯಿರಿ. ಕೊಟ್ಟೂರಿನಲ್ಲಿ ಹುಟ್ಟಿದ ಕುಂ. ವೀರಭದ್ರಪ್ಪನವರು ನಮ್ಮ ಸೀಮೆಯ ಮಾತನ್ನು ಸಾಹಿತ್ಯಕ್ಕೆ ತಂದು, ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಅಂಥ ಮಾತನ್ನು ಕೀಲಿಮಣೆಯ ಸಲಹೆ ಶಿಷ್ಟಗನ್ನಡಕ್ಕೆ ಎಳೆಯಲು ನೋಡುತ್ತದೆ. ನಿಮ್ಮ ಅಜ್ಜಿ ‘ಬರತೈತಿ’ ಎಂದಿದ್ದರೆ ಅದು ‘ಬರುತ್ತದೆ’ ಆಗಬಾರದು.

ಆರನೆಯದಾಗಿ, ಕವಿತೆಯನ್ನು ಕೇವಲ ಚಿತ್ರವಾಗಿ ಕಳುಹಿಸಬೇಡಿ. ಹೂವು, ಸೂರ್ಯಾಸ್ತಗಳ ಮೇಲೆ ಬರೆದ ಅಕ್ಷರ ನೋಡಲು ಚೆಂದ, ಸಾಲೂ ಕದಲದು. ಆದರೆ ದೃಷ್ಟಿಯಿಲ್ಲದವರ ಫೋನು ಅಕ್ಷರವನ್ನು ಓದಿ ಹೇಳುವಂತೆ ಚಿತ್ರವನ್ನು ಸರಿಯಾಗಿ ಓದಿ ಹೇಳಲಾರದು. ಚಿತ್ರದ ಜೊತೆಗೆ ಅಕ್ಷರರೂಪವೂ ಇರಲಿ. ಶೀರ್ಷಿಕೆಯ ಜೊತೆಗೇ, ಮೊದಲಲ್ಲಿಯೇ, ಕವಿಯ ಹೆಸರು ಇರಲಿ. ಅಂಕಿತದ ಪದ್ಧತಿಯನ್ನು ಮರಳಿ ತರಲಾಗದಿದ್ದರೆ ಇಷ್ಟಾದರೂ ಮಾಡೋಣ.

ಕಡೆಯದಾಗಿ, ಕಳುಹಿಸುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿರಿ. ಸಾಧ್ಯವಾದರೆ ಓದು ಬಾರದ ಹಿರಿಯರೊಬ್ಬರ ಮುಂದೆ ಓದಿರಿ. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುವುದನ್ನು ಕಂಡಿದ್ದೀರಲ್ಲವೇ? ಲಕ್ಷಾಂತರ ಜನ ಮೌನವಾಗಿ ನಿಂತು ಕೇಳುವ ಆ ಒಂದೇ ಸಾಲು ‘ಪರಾಕ್’ ಎಂಬ ಮಾತಿನಿಂದ ಮುಗಿಯುತ್ತದೆ. ಕಾಗದವಿಲ್ಲ, ಚುಕ್ಕೆಯಿಲ್ಲ, ಆದರೂ ಸಾಲು ಎಲ್ಲಿ ಮುಗಿಯಿತೆಂಬ ಸಂದೇಹ ಯಾರಿಗೂ ಇಲ್ಲ. ಕಿವಿಯ ಈ ನ್ಯಾಯಾಲಯ ಇಂದಿಗೂ ನಡೆಯುತ್ತಿದೆ. ನಾವು ಅದರ ಮುಂದೆ ಹೋಗುವುದನ್ನು ಬಿಟ್ಟಿದ್ದೇವೆ, ಅಷ್ಟೇ.

ನಿಮ್ಮಲ್ಲಿ ನನ್ನದೊಂದು ಕೋರಿಕೆ. ನಮ್ಮ ತಾಲ್ಲೂಕುಗಳ ಹಳ್ಳಿಗಳಲ್ಲಿ ಅಟ್ಟದ ಮೇಲೆ, ಗೂಡಿನ ಒಳಗೆ ಬಯಲಾಟದ ಪ್ರತಿಗಳು, ಭಜನೆಯ ಪುಸ್ತಕಗಳು, ಬೀಸುವ ಪದಗಳನ್ನು ಬರೆದುಕೊಂಡ ಹಾಳೆಗಳು ಇನ್ನೂ ಇರಬಹುದು. ಅವನ್ನು ಹಾಡಬಲ್ಲವರೂ ಒಬ್ಬಿಬ್ಬರು ಉಳಿದಿರಬಹುದು. ಪುಸ್ತಕ ಇನ್ನೂ ಕೆಲವು ಕಾಲ ಕಾಯಬಲ್ಲದು, ಹಾಡುವವರು ಕಾಯಲಾರರು. ಈ ಸಲ ಹಬ್ಬಕ್ಕೆ ಊರಿಗೆ ಹೋದಾಗ ಅವರ ಪಕ್ಕದಲ್ಲಿ ಪುಸ್ತಕ ತೆರೆದು ಕುಳಿತು, ಎಲ್ಲಿ ಉಸಿರು ನಿಲ್ಲುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿರಿ. ಬೆರಳಚ್ಚಿನ ಕೆಲಸದಲ್ಲಿ ಸಂದೇಹ ಬಂದರೆ ನನಗೆ ಬರೆಯಿರಿ. ಮಾತ್ರೆ ಎಣಿಸಿಕೊಡುವುದಕ್ಕೆ ನನಗೆ ಈಗ ಬೇಕಾದಷ್ಟು ಸಮಯವಿದೆ.

ಎಲ್ಲರಿಗೂ ಶುಭವಾಗಲಿ.